ಬಕ್ರಂ ಹಾಕಿದ ಬಾವುಟಗಳು

ನನ್ನ ಮಗಳು ನೌಕಾಪಡೆಯ ಬಿಳಿ ಸಮವಸ್ತ್ರದಲ್ಲಿ ಬಂದು ಮುಂದೆ ನಿಂತಾಗ ನಾನು ಮಾಡಿದ ಮೊದಲ ಕೆಲಸ ಅವಳ ತೋಳಿನ ಅಂಚು ಮಗುಚಿ ನೋಡಿದ್ದು. ಒಡಿಶಾದಲ್ಲಿ ಮೊದಲ ಹಂತದ ತರಬೇತಿ ಮುಗಿಸಿದ ಮಕ್ಕಳ ಪೆರೇಡು ಅದು. ಸುತ್ತಮುತ್ತ ಯಾವ್ಯಾವುದೋ ಊರಿನ ಅಪ್ಪ ಅಮ್ಮಂದಿರು ಮಕ್ಕಳನ್ನು ತಬ್ಬಿಕೊಂಡು ಅಳುತ್ತಿದ್ದಾರೆ, ನಗುತ್ತಿದ್ದಾರೆ, ಫೋಟೋ ತೆಗೆಯುತ್ತಿದ್ದಾರೆ. ನಾನು ಹೊಲಿಗೆ ನೋಡುತ್ತಿದ್ದೇನೆ.

"ಏನ್ರೀ, ಮೊದ್ಲು ಮಗಳ ಮುಖ ನೋಡ್ರೀ! ಬಟ್ಟೆ ಆಮೇಲೆ ನೋಡೋರಂತೆ," ಎಂದು ನನ್ನ ಹೆಂಡತಿ ಬೆನ್ನಿಗೊಂದು ಗುದ್ದಿದಳು.

ನಾನೇನು ಮಾಡಲಿ? ತುಮಕೂರಿನ ಬಟವಾಡಿಯಲ್ಲಿ ನನ್ನದು ಯೂನಿಫಾರ್ಮ್ ಹೊಲಿಯುವ ಅಂಗಡಿ. ಮದುವೆ ಸೂಟು, ಸಲ್ವಾರು, ಬ್ಲೌಸು ಏನೂ ಮುಟ್ಟುವುದಿಲ್ಲ. ಶಾಲೆಯ ಮಕ್ಕಳದು, ನರ್ಸುಗಳದು, ಸೆಕ್ಯುರಿಟಿಯವರದು, ಅಷ್ಟೇ. ಕತ್ತರಿಸುವುದು, ಹೊಲಿಯುವುದು ನಾನು. ಕಾಜಾ, ಗುಂಡಿ, ಅಂಚು ಮಡಿಸುವ ಕೈಹೊಲಿಗೆ ಅವಳದು. ನನ್ನ ಅಂಗಡಿಯಿಂದ ಆಚೆ ಹೋದ ಕಾಲರು ಮಲಗಬಾರದು, ಪಟ್ಟಿ ಸುರುಟಬಾರದು, ನೆರಿಗೆ ಹರಡಬಾರದು. ಅದು ನನ್ನ ಹಟ. ಆ ಹಟಕ್ಕೆ ಎಷ್ಟು ಜನ ಕೆಲಸ ಬಿಟ್ಟು ಹೋಗಿದ್ದಾರೋ ನನಗೇ ನೆನಪಿಲ್ಲ. ಹೋಗಲಿ ಬಿಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಮಾತು ಉರ್ದು. ಆದರೆ ನನ್ನ ಹೆಂಡತಿ ಗುಬ್ಬಿಯವಳು, ಅಲ್ಲಿನ ಕನ್ನಡ ಶಾಲೆಯಲ್ಲಿ ಓದಿದವಳು. ಜಗಳ ಅಂತ ಬಂದರೆ ಅವಳಿಗೆ ಕನ್ನಡವೇ ಆಗಬೇಕು. ನಾವು ಜಗಳವಾಡದ ದಿನ ಕಡಿಮೆ. ಹಾಗಾಗಿ ಇಲ್ಲಿ ಬರುವ ಮಾತುಗಳೆಲ್ಲ ಹೆಚ್ಚುಕಡಿಮೆ ಆಡಿದ ಹಾಗೆಯೇ ಇವೆ.

ಪೆರೇಡು ಮುಗಿಸಿ ಮಗಳು ರಜೆಗೆಂದು ನಮ್ಮ ಜೊತೆಯೇ ಬಂದಳು. ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದ ಮೇಲೂ ಬೆಳಗ್ಗೆ ನಮಗಿಂತ ಮುಂಚೆ ಎದ್ದು ಹಾಸಿಗೆ ಮಡಿಸಿ ಬೂಟು ಉಜ್ಜುತ್ತಿದ್ದಳು. ಮುಂಚೆ ಮಧ್ಯಾಹ್ನದವರೆಗೆ ಚಾದರ ಹೊದ್ದು ಮಲಗುತ್ತಿದ್ದವಳು! ನಾನು ಕದ್ದು ಕದ್ದು ನೋಡಿ ಖುಷಿಪಟ್ಟೆ. ಮುಂದಿನ ತರಬೇತಿ ಕೊಚ್ಚಿಯಲ್ಲಿ. ಅವಳಿಗೆ ಸಿಕ್ಕಿದ್ದು ಸಿಗ್ನಲ್ ಕೆಲಸ.

"ಸಿಗ್ನಲ್ ಅಂದ್ರೆ? ಟ್ರಾಫಿಕ್ ಪೊಲೀಸ್ ಥರಾನಾ?" ಎಂದು ಅವಳ ಅಮ್ಮ ಕೇಳಿದಳು.

"ಅಯ್ಯೋ ಅಮ್ಮೀ! ವೈರ್‌ಲೆಸ್ ಇರುತ್ತೆ, ಲೈಟಿಂದ ಮೆಸೇಜ್ ಕಳಿಸೋದ್ ಇರುತ್ತೆ, ಆಮೇಲೆ ಬಾವುಟ ಇರ್ತವೆ. ಒಂದು ಹಡಗಿಂದ ಇನ್ನೊಂದು ಹಡಗಿಗೆ ಮಾತಾಡ್ಬೇಕು ಅಂದ್ರೆ ಹಗ್ಗಕ್ಕೆ ಬಾವುಟ ಏರಿಸ್ತಾರೆ. ಅದನ್ನ ದೂರದಿಂದ ನೋಡಿ ನಾನು ಓದ್ಬೇಕು."

ಮೊಬೈಲಿನಲ್ಲಿ ಬಾವುಟಗಳ ಚಿತ್ರ ತೋರಿಸಿದಳು. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಬಾವುಟ. ನೀಲಿ, ಬಿಳಿ, ಕೆಂಪು, ಹಳದಿ, ಕಪ್ಪು. ಚೌಕ, ಪಟ್ಟಿ, ಅಡ್ಡಗೆರೆ. ಇಷ್ಟು ವರ್ಷ ಮಗಳು ಓದಿದ ಯಾವ ಪಾಠವೂ ನನಗೆ ಅರ್ಥವಾಗಿರಲಿಲ್ಲ. ಲೆಕ್ಕ ಹೇಳಿಕೊಡು ಅಂದರೆ ಟ್ಯೂಷನ್ನಿಗೆ ಹೋಗು ಅನ್ನುತ್ತಿದ್ದೆ. ಈಗ ದೇವರು ಅವಳ ಪಾಠವನ್ನು ಬಟ್ಟೆಯಲ್ಲಿ ಕಳಿಸಿದ್ದಾನೆ! ಬಟ್ಟೆಯ ವಿಷಯದಲ್ಲಿ ನನ್ನ ಮಗಳಿಗೆ ನಾನು ಸಹಾಯ ಮಾಡದೆ ಇನ್ಯಾರು ಮಾಡಬೇಕು?

ಮಾರನೇ ದಿನವೇ ಕೂತೆ. ಶಾಲೆಯ ಆರ್ಡರುಗಳನ್ನೆಲ್ಲ ಬದಿಗೆ ಸರಿಸಿದೆ. ಇದ್ದುದರಲ್ಲಿ ಒಳ್ಳೆಯ ಯೂನಿಫಾರ್ಮ್ ಬಟ್ಟೆ ತೆಗೆದೆ. ನೀಲಿ ಬಟ್ಟೆಯ ನಡುವಿನಿಂದ ಒಂದು ಚೌಕ, ಬಿಳಿ ಬಟ್ಟೆಯ ನಡುವಿನಿಂದ ಒಂದು ಚೌಕ ಕತ್ತರಿಸಿ ಅದಲುಬದಲು ಮಾಡಿದರೆ ಒಂದೇ ಏಟಿಗೆ ಎರಡು ಬಾವುಟ ತಯಾರು. ನೀಲಿಯ ನಡುವೆ ಬಿಳಿ ಇದ್ದರೆ ಪಿ, ಬಿಳಿಯ ನಡುವೆ ನೀಲಿ ಇದ್ದರೆ ಎಸ್. ಎಲ್ಲಕ್ಕೂ ಒಳಗೆ ಬಕ್ರಂ ಕೊಟ್ಟೆ. ಬಕ್ರಂ ಅಂದರೆ ಕಾಲರು ಸೆಟೆದು ನಿಲ್ಲಲಿ ಅಂತ ಒಳಗೆ ಹಾಕುವ ಗಟ್ಟಿ ಬಟ್ಟೆ. ಅಂಚಿಗೆ ಎರಡೆರಡು ಹೊಲಿಗೆ, ಮೇಲೆ ನೀರು ಚಿಮುಕಿಸಿ ಭಾರದ ಇಸ್ತ್ರಿ. ಆಹಾ! ಎತ್ತಿ ಹಿಡಿದರೆ ಒಂದು ಸುಕ್ಕಿಲ್ಲ, ಒಂದು ಮೂಲೆ ಬಾಗುವುದಿಲ್ಲ. ಗೋಡೆಗೆ ಆನಿಸಿದರೆ ನೆಟ್ಟಗೆ ನಿಲ್ಲುತ್ತವೆ.

ಅಂಗಡಿಯ ಮುಂದೆ ಸಾಲಾಗಿ ನೇತುಹಾಕಿದೆ. ಪಕ್ಕದ ಅಂಗಡಿಯ ಯಜಮಾನರು, ಅಕ್ಕಿ ಬೇಳೆ ವ್ಯಾಪಾರದವರು, ಆಗತಾನೆ ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಾಗಿಲು ತೆಗೆಯುತ್ತಿದ್ದರು. ಬೀಗದ ಕೈ ಹಿಡಿದುಕೊಂಡೇ ಬಂದರು.

"ಇದ್ಯಾವ ಪಾರ್ಟಿ ಸಾಹೇಬ್ರೆ? ಎಲೆಕ್ಷನ್ ಇನ್ನೂ ದೂರ ಐತಲ್ಲ?"

"ಪಾರ್ಟಿ ಅಲ್ಲ ಯಜಮಾನ್ರೆ, ನನ್ ಮಗಳ ಪಾಠ!"

ಅವರು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿ, "ಬಾವುಟ ಅಂದ್ರೆ ಹಿಂಗಿರ್ಬೇಕು ಬುಡಿ, ತಟ್ಟೆ ಇದ್ದಂಗವೆ," ಎಂದರು. ನಾನು ಉಬ್ಬಿ ಹೋದೆ. ರಜೆ ಮುಗಿಯುವವರೆಗೆ ಮನೆಯ ನಡುಮನೆಯಲ್ಲಿ ಅವಳ ಅಮ್ಮ ಬಾವುಟ ಎತ್ತಿ ಹಿಡಿಯುವುದು, ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುವುದು. ಒಂದೂ ತಪ್ಪಲಿಲ್ಲ. ಕೊಚ್ಚಿಗೆ ಹೊರಟಾಗ ಅಷ್ಟನ್ನೂ ರಟ್ಟುಗಳ ನಡುವೆ ಇಟ್ಟು, ಮಡಿಕೆ ಬೀಳದ ಹಾಗೆ ಕಟ್ಟಿ ಕಳಿಸಿದೆ.

ಆಮೇಲೆ ಭಾನುವಾರ ಭಾನುವಾರ ಫೋನು. ಅವಳು ದಿನಾ ಬಾವುಟಗಳನ್ನು ಮಂಚದ ಮೇಲೆ ಜೋಡಿಸಿ ಓದುತ್ತೇನೆ ಅನ್ನುತ್ತಿದ್ದಳು. ಜೊತೆಯ ಹುಡುಗಿಯರೂ ಬಂದು ನೋಡಿ ಹೋಗುತ್ತಾರಂತೆ. ಆ ಫೋನು ಬಂದ ಮೇಲೆ ಒಂದು ವಾರ ನಾನು ಯಾರ ಮೇಲೂ ರೇಗುತ್ತಿರಲಿಲ್ಲ ಅಂತ ಹೆಂಡತಿ ಹೇಳುತ್ತಾಳೆ. ನನಗೆ ಹಾಗನ್ನಿಸಿಲ್ಲ.

ಹೀಗಿರುವಾಗ ಒಂದು ಭಾನುವಾರ ಗುಬ್ಬಿಯ ಶಾಲೆಯೊಂದಕ್ಕೆ ಯೂನಿಫಾರ್ಮ್ ಗಂಟು ತಲುಪಿಸಿ, ಅಲ್ಲೇ ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಫೋನು ಬಂತು. ಹೆಂಡತಿ ಸ್ಪೀಕರಿಗೆ ಹಾಕಿದಳು.

"ಅಬ್ಬಾ, ಫ್ಲ್ಯಾಗ್ ಟೆಸ್ಟಲ್ಲಿ ಫೇಲ್ ಆದೆ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಇನ್ನೊಂದು ಚಾನ್ಸ್ ಕೊಡ್ತಾರಂತೆ. ಅದ್ರಲ್ಲೂ ಹೋದ್ರೆ ನನ್ನ ಜೂನಿಯರ್ ಬ್ಯಾಚಿಗೆ ಹಾಕ್ತಾರೆ. ನನ್ ಜೊತೆಯೋರೆಲ್ಲಾ ಹಡಗಿಗೆ ಹೋಗ್ತಾರೆ, ನಾನೊಬ್ಳೇ ಮತ್ತೆ ಮೊದಲಿಂದ ಕ್ಲಾಸಲ್ಲಿ ಕೂರ್ಬೇಕು." ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಒಣ ಗಂಟಲಲ್ಲಿ ಮಾತಾಡುತ್ತಿದ್ದಳು. ಅದು ನನಗೆ ತಡೆಯಲಾಗಲಿಲ್ಲ.

"ಅವ್ರು ಬಾವುಟ ಸರಿಯಾಗಿ ತೋರ್ಸಿದ್ರಾ? ಯಾವನವನು ಹೊಲ್ದಿದ್ದು? ಬಣ್ಣ ಸರಿ ಇತ್ತಾ? ಕೊಡು ನಿಮ್ ಮಾಸ್ಟರಿಗೆ ಫೋನ್, ನಾನ್ ಮಾತಾಡ್ತೀನಿ!"

"ಬಣ್ಣ ಸರಿಯಾಗೇ ಇತ್ತು ಅಬ್ಬಾ. ಅಲ್ಲಿ ಗಾಳಿ ಬರುತ್ತೆ. ಬಾವುಟ ಬಿಚ್ಕೊಂಡಿರಲ್ಲ. ಮಡ್ಚ್ಕೊಳ್ಳುತ್ತೆ, ಸುತ್ಕೊಳ್ಳುತ್ತೆ, ಜೋತು ಬೀಳುತ್ತೆ. ಪಿ ನೀಲಿ, ನಡುವೆ ಬಿಳಿ. ಡಬ್ಲ್ಯೂನೂ ಹೊರಗೆ ನೀಲಿ, ಒಳಗೆ ಬಿಳಿ, ಅದರ ಒಳಗೆ ಕೆಂಪು. ಕೆಂಪು ಮಡಿಕೆ ಒಳಗೆ ಹೋಗ್ಬಿಟ್ಟಿತ್ತು. ನಾನು ಪಿ ಅಂದೆ. ಇಂಥವೇ ಐದಾರು ತಪ್ಪಾದ್ವು. ನಮ್ ಬಾವುಟ ಯಾವತ್ತೂ ಹಂಗೆ ಮಡ್ಚ್ಕೊಂಡಿದ್ದೇ ಇಲ್ವಲ್ಲ."

ಫೋನು ಇಟ್ಟ ಮೇಲೆ ಹೆಂಡತಿ ನನ್ನನ್ನೇ ನೋಡಿದಳು. ಆಮೇಲೆ ಒಂದೇ ಒಂದು ಮಾತು ಹೇಳಿದಳು.

"ಬಕ್ರಂ."

"ಏನು ಬಕ್ರಂ?"

"ನೀವು ಬಾವುಟ ಹೊಲೀಲಿಲ್ಲ ಕಣ್ರೀ. ಕಾಲರ್ ಹೊಲ್ದ್ರಿ. ಆ ಮಗು ಇಷ್ಟು ದಿನ ಕಾಲರ್ ಓದವ್ಳೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಊಟ ಬಿಟ್ಟು ಎದ್ದೆ. ನನ್ನ ಕೆಲಸಕ್ಕೆ ಹೆಸರಿಡುತ್ತೀಯಾ, ನಿನ್ನ ತವರಿನಲ್ಲೇ ಕೂರಿಸಿ ಹೆಸರಿಡುತ್ತೀಯಾ ಎಂದು ಕೂಗಾಡಿದೆ. ಅತ್ತೆ ಪಾಪ, ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಬಸ್ ಹತ್ತಿದ ಮೇಲೂ ನಾನು ಹೆಂಡತಿಯ ಜೊತೆ ಮಾತಾಡಲಿಲ್ಲ.

ಬಸ್ಸು ಗುಬ್ಬಿ ಬಿಟ್ಟು ಹೆದ್ದಾರಿಗೆ ಬಂತು. ಮುಂದೆ ಒಂದು ಆಟೋ ಹೋಗುತ್ತಿತ್ತು, ಅದರ ತಲೆಯ ಮೇಲೆ ಒಂದು ಬಾವುಟ. ಯಾವುದದು? ಕನ್ನಡ ಬಾವುಟವೋ, ದರ್ಗಾದ್ದೋ, ಯಾವುದಾದರೂ ಸಂಘದ್ದೋ? ನಾನು ಸೀಟಿನಿಂದ ಮುಂದೆ ಬಗ್ಗಿ ನೋಡಿದೆ. ಪಟಪಟ ಅನ್ನುತ್ತದೆ, ಸುತ್ತಿಕೊಳ್ಳುತ್ತದೆ, ಒಂದು ಮೂಲೆ ಕಾಣುತ್ತದೆ, ಮಾಯವಾಗುತ್ತದೆ. ಹಳದಿಯೇನೋ ಇದೆ. ಇನ್ನೇನಿದೆ? ಗೊತ್ತಾಗಲಿಲ್ಲ. ಜೀವಮಾನವೆಲ್ಲ ಬಟ್ಟೆಯ ಜೊತೆ ಕಳೆದ ನನಗೇ ಗೊತ್ತಾಗಲಿಲ್ಲ! ಆಟೋ ಪಕ್ಕದ ರಸ್ತೆಗೆ ತಿರುಗಿ ಹೋಯಿತು.

"ಹೌದು ಕಣೇ!" ಎಂದು ಕೂಗಿಬಿಟ್ಟೆ. ಕಂಡಕ್ಟರು ತಿರುಗಿ ನೋಡಿದ.

"ಏನು ಹೌದು?" ಎಂದಳು ಹೆಂಡತಿ.

"ಬಕ್ರಂ!"

ಅವಳು ನಗಲು ಶುರು ಮಾಡಿದವಳು ತುಮಕೂರು ಬಸ್ ಸ್ಟ್ಯಾಂಡು ಬರುವವರೆಗೆ ನಿಲ್ಲಿಸಲಿಲ್ಲ. ನನಗೂ ನಗು ಬಂತು. ತಪ್ಪು ಎಲ್ಲಿದೆ ಎಂದು ಗೊತ್ತಾದರೆ ಟೈಲರಿಗೆ ಅರ್ಧ ಕೆಲಸ ಮುಗಿದ ಹಾಗೆ. ಬಿಚ್ಚಿ ಹೊಲಿಯುವುದಷ್ಟೇ ಬಾಕಿ.

ಬಾಕಿ ಎಂದು ಹೇಳುವುದು ಸುಲಭ. ಈ ಸಲ ನಾನು ಜೋಲು ಬೀಳುವ ಬಾವುಟ ಹೊಲಿಯಬೇಕಿತ್ತು. ಒಳಗೆ ಏನೂ ಕೊಡಬಾರದು, ತೆಳುವಾದ ಅಸ್ತರಿನ ಬಟ್ಟೆ ತೆಗೆದುಕೊಳ್ಳಬೇಕು, ಅಂಚು ಒಂದೇ ಮಡಿಕೆ ಮಡಿಸಬೇಕು. ಯಾವ ಕೆಲಸಕ್ಕೆ ನಾನು ಹುಡುಗರನ್ನು ಬೈದು ಓಡಿಸಿದ್ದೆನೋ ಅದನ್ನೇ ಕೂತು ಮಾಡಬೇಕು. ಕೈ ಮಾತು ಕೇಳಲಿಲ್ಲ. ಗಮನ ಬೇರೆ ಕಡೆ ಹೋದರೆ ಸಾಕು, ಎರಡನೇ ಮಡಿಕೆ ಬಿದ್ದಿರುತ್ತಿತ್ತು. ಒಂದು ಬಾವುಟ ಮುಗಿಸಿ ಅಭ್ಯಾಸಬಲದಿಂದ ಇಸ್ತ್ರಿಗೆ ಕೈ ಚಾಚಿದೆ. ಇಸ್ತ್ರಿ ಪೆಟ್ಟಿಗೆ ಇರಲಿಲ್ಲ.

"ಇಸ್ತ್ರಿ ಎಲ್ಲಿ?"

"ಪಕ್ಕದ ಅಂಗಡೀಲಿ ಅಕ್ಕಿ ಮೂಟೆ ಹಿಂದೆ ಇಟ್ಟಿದೀನಿ. ಕೇಳಿದ್ರೆ ಕೊಡ್ಬೇಡಿ ಅಂತ ಯಜಮಾನ್ರಿಗೆ ಹೇಳಿದೀನಿ."

ಯಜಮಾನರು ಆ ಕಡೆಯಿಂದ ಕೂಗಿದರು: "ಎಷ್ಟ್ ಬಯ್ದ್ರೂ ಕೊಡಲ್ಲ ಸಾಹೇಬ್ರೆ, ತಂಗ್ಯಮ್ಮ ಮಾತು ತಗೊಂಡವ್ಳೆ!"

ಕೋರ್ಸಿನ ನಡುವೆ ಮಗಳಿಗೆ ನಾಲ್ಕು ದಿನದ ರಜೆ ಸಿಕ್ಕಿತು. ಅದು ಮುಗಿದ ವಾರವೇ ಎರಡನೇ ಪರೀಕ್ಷೆ. ಬಂದವಳ ಮುಖ ಸಣ್ಣಗಾಗಿತ್ತು. ಹೊಸ ಬಾವುಟಗಳನ್ನು ನೋಡಿ, "ಅಬ್ಬಾ, ಇದ್ ನೀವೇ ಹೊಲ್ದಿದ್ದಾ?" ಎಂದು ಕಣ್ಣರಳಿಸಿದಳು. ಮೆಚ್ಚುಗೆಯಲ್ಲ, ಗಾಬರಿ.

ಬಾವುಟವೇನೋ ಆಯಿತು. ಗಾಳಿ? ಕಂಬ? ಹಗ್ಗ? ಉಪ್ಪಾರಹಳ್ಳಿಯ ನಮ್ಮ ತಾರಸಿಯ ಮೇಲೆ ನಾಲ್ಕೂ ಕಡೆ ನೀರಿನ ಟ್ಯಾಂಕುಗಳು, ಗಾಳಿ ಅಲ್ಲಿಗೆ ಬರುವಷ್ಟರಲ್ಲಿ ಸತ್ತಿರುತ್ತದೆ. ಆಗ ಹೆಂಡತಿಗೆ ಅವಳ ತಮ್ಮ ನೆನಪಾದ. ಕುಣಿಗಲ್ಲಿನಲ್ಲಿ ಅವನದು ಶಾಮಿಯಾನದ ಅಂಗಡಿ. ಗಳ, ಹಗ್ಗ, ರಾಟೆ ಎಲ್ಲ ಅವನ ಹತ್ತಿರ ರಾಶಿ ಬಿದ್ದಿವೆ. ಇನ್ನು ಗಾಳಿಗೆ ಕುಣಿಗಲ್ಲಿನ ದೊಡ್ಡ ಕೆರೆಯ ಏರಿಗಿಂತ ಒಳ್ಳೆಯ ಜಾಗ ಬೇಕೇ? ಬೆಳಗ್ಗೆ ಬೆಳಗ್ಗೆಯೇ ಹೊರಟೆವು.

ನನ್ನ ಭಾಮೈದ ಯಾವುದನ್ನೂ ಸಣ್ಣದಾಗಿ ಮಾಡುವವನಲ್ಲ. ಒಂದು ಗಳ ತಾ ಎಂದರೆ ಲಗೇಜ್ ಆಟೋ ತುಂಬ ತಂದಿದ್ದ. ಏರಿಯ ಮೇಲೆ ಎತ್ತರದ ಗಳ ನಿಲ್ಲಿಸಿ, ಮೇಲೆ ರಾಟೆ ಕಟ್ಟಿ, ಹಗ್ಗ ಇಳಿಬಿಟ್ಟ. ಮಗಳು ಏರಿಯ ಮೇಲೆಯೇ ದೂರ ನಡೆದು ಹೋಗಿ, ಬೆರಳಿನಷ್ಟು ಚಿಕ್ಕವಳಾಗಿ ಕಾಣುವವರೆಗೆ ಹೋಗಿ ನಿಂತಳು. ಅವಳ ಕೈಯಲ್ಲಿ ಬೈನಾಕ್ಯುಲರು, ಕಿವಿಯಲ್ಲಿ ಫೋನು. ಇತ್ತ ಹೆಂಡತಿ ಬಾವುಟ ಕಟ್ಟುವುದು, ಭಾಮೈದ ಹಗ್ಗ ಎಳೆಯುವುದು, ನಾನು ಫೋನಿನಲ್ಲಿ ಉತ್ತರ ಕೇಳುವುದು.

ಕೆರೆಯ ಗಾಳಿ ಎಂದರೆ ಗಾಳಿ! ಬಾವುಟಗಳು ಮೇಲೇರುವುದೇ ತಡ, ಒಂದಕ್ಕೊಂದು ಸುತ್ತಿಕೊಂಡು, ಗಳವನ್ನು ತಬ್ಬಿ, ಬಿಚ್ಚಿ, ಮತ್ತೆ ಮಡಚಿ ಕುಣಿದವು. ನನಗೆ ಆನಂದವೋ ಆನಂದ. ಇಷ್ಟು ಕೆಟ್ಟದಾಗಿ ಹಾರುವ ಬಾವುಟ ಹೊಲಿಯಲು ನನ್ನಿಂದ ಸಾಧ್ಯವಾಯಿತಲ್ಲ!

ಜನ ಸೇರಿದರು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು, ಬೈಕಿನವರು, ಮೀನಿಗೆ ಬಲೆ ಹಾಕಿ ಕೂತಿದ್ದವರು.

"ಯಾವ ಪಾರ್ಟಿಯಣ್ಣ ಇದು? ಹೊಸದಾ?"

"ಶೂಟಿಂಗ್ ಕಣ್ಲಾ, ಹೀರೋಯಿನ್ ಅಲ್ ನಿಂತವ್ಳೆ ನೋಡು."

"ಶೂಟಿಂಗೂ ಅಲ್ಲ, ಪಾರ್ಟಿನೂ ಅಲ್ಲ," ಎಂದು ಭಾಮೈದ ಹಗ್ಗ ಹಿಡಿದುಕೊಂಡೇ ಎದೆಯುಬ್ಬಿಸಿ ಹೇಳಿದ. "ನಮ್ ಹುಡ್ಗಿ ನೇವಿ! ಅಲ್ಲಿಂದ ಇದನ್ನ ಓದ್ತಾಳೆ."

ಆದರೆ ಹುಡುಗಿ ಓದುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಎರಡು ತಪ್ಪು. ಎರಡನೇ ಸಾಲಿನಲ್ಲಿ ಮೂರು. ಪಿ ಅಂದರೆ ಡಬ್ಲ್ಯೂ, ಡಬ್ಲ್ಯೂ ಅಂದರೆ ಪಿ. ಅವಳ ಉಸಿರು ಫೋನಿನಲ್ಲಿ ಕೇಳಿಸುತ್ತಿತ್ತು.

"ನಡುವೆ ಏನಿದೆ ಅಂತ ಕಾಣ್ತಾನೇ ಇಲ್ಲ ಅಬ್ಬಾ. ನನ್ನಿಂದ ಆಗಲ್ಲ. ಬಿಡಿ, ಜೂನಿಯರ್ ಬ್ಯಾಚಿಗೇ ಹೋಗ್ತೀನಿ."

ನಾನು ಫೋನನ್ನು ಹೆಂಡತಿಯ ಕೈಗೆ ತುರುಕಿ ಏರಿಯ ಮೇಲೆ ಓಡಿದೆ. ನನ್ನ ವಯಸ್ಸಿನವರು ಓಡಬಾರದು, ಚಪ್ಪಲಿ ಹಾಕಿಕೊಂಡಂತೂ ಓಡಲೇಬಾರದು. ಒಂದು ಚಪ್ಪಲಿ ದಾರಿಯಲ್ಲೇ ಬಿತ್ತು. ಅವಳ ಹತ್ತಿರ ಹೋದಾಗ ಏದುಸಿರು ಬಿಡುತ್ತ ಮೊಣಕಾಲು ಹಿಡಿದು ನಿಂತೆ. ಅವಳು ಬೈನಾಕ್ಯುಲರು ಇಳಿಸಿ ಅಳುತ್ತಿದ್ದಳು. ತರಬೇತಿಗೆ ಹೋದ ಮೇಲೆ ನಾನು ಅವಳ ಅಳು ನೋಡಿದ್ದು ಅದೇ ಮೊದಲು.

ನನಗೆ ಸಮಾಧಾನ ಮಾಡಲು ಬರುವುದಿಲ್ಲ, ರೇಗಲು ಬರುತ್ತದೆ. ರೇಗಿದೆ.

"ಯಾರ್ ಹೇಳಿದ್ರು ನಿಂಗೆ ನಡುವೆ ನೋಡು ಅಂತ? ಅಂಗಡಿ ಮುಂದೆ ಮಕ್ಕಳು ಹೋಗ್ತಿದ್ರೆ ಯಾವ ಸ್ಕೂಲು ಅಂತ ನಾನು ದೂರದಿಂದ್ಲೇ ಹೇಳಲ್ವಾ? ಬ್ಯಾಡ್ಜ್ ನೋಡಿ ಹೇಳ್ತೀನಾ? ಪಟ್ಟಿ ನೋಡ್ತೀನಿ ಕಣೇ, ಅಂಚಿನ ಪಟ್ಟಿ! ನಡುವಿಂದು ಮಡ್ಚ್ಕೊಳ್ಳುತ್ತೆ, ಅಂಚು ಎಲ್ಲಿಗ್ ಹೋಗುತ್ತೆ? ನೀನು ತೋರ್ಸಿದ ಚಿತ್ರದಲ್ಲಿದ್ದಂಗೇ ಪಿಗೆ ನೀಲಿ ಅಗಲ ಇಟ್ಟು ಕತ್ತರ್ಸಿದೀನಿ, ಡಬ್ಲ್ಯೂಗೆ ಸಣ್ಣಕೆ ಕತ್ತರ್ಸಿದೀನಿ. ಅಗಲ ನೋಡು. ಬಣ್ಣ ಬಿಟ್ಬಿಡು, ಅಗಲ ನೋಡು!"

ಅವಳು ಮೂಗೊರೆಸಿಕೊಂಡು ಬೈನಾಕ್ಯುಲರು ಎತ್ತಿದಳು. ನಾನು ಕೈಬೀಸಿದೆ. ಅತ್ತ ಹಗ್ಗ ಎಳೆದರು. ಒಂದು ಬಾವುಟ ಜೋತು ಬಿದ್ದು ಗಳಕ್ಕೆ ಸುತ್ತಿಕೊಂಡಿತು.

"ನೀಲಿ..." ಎಂದಳು. "ಸಣ್ಣ ನೀಲಿ. ಡಬ್ಲ್ಯೂ!"

ಅತ್ತ ಕಡೆಯಿಂದ ಹೋ ಎಂಬ ಕೂಗು ಕೇಳಿಸಿತು. ಹೆಂಡತಿ ಫೋನಿನಲ್ಲಿ ಕಿರುಚುತ್ತಿದ್ದಳು: "ಸರಿ ಕಣೇ! ಸರಿ!" ಇನ್ನೊಂದು ಏರಿತು. ಅದೂ ಸರಿ. ಮೂರರ ಸಾಲು, ನಾಲ್ಕರ ಸಾಲು. ಸರಿ, ಸರಿ, ಸರಿ! ಒಂದೊಂದಕ್ಕೂ ಎಮ್ಮೆಯವರು ಶಿಳ್ಳೆ ಹೊಡೆಯುತ್ತಿದ್ದರು. ಬಲೆ ಹಾಕಿದ್ದವರೊಬ್ಬರು ಮೀನು ಮರೆತು ಬಾವುಟ ಎತ್ತಿಕೊಡುವುದಕ್ಕೇ ನಿಂತುಬಿಟ್ಟಿದ್ದರು. ಬಿಸಿಲೇರಿದರೂ ಯಾರಿಗೂ ಇಳಿದು ಹೋಗುವ ಮನಸ್ಸಿಲ್ಲ.

ಕೊನೆಯಲ್ಲಿ ಹಗ್ಗ ಜಗ್ಗಿ ಪಿ ಬಾವುಟದ ಅಂಚು ಹರಿಯಿತು. ತೆಳು ಬಟ್ಟೆ, ಒಂಟಿ ಮಡಿಕೆ, ಹರಿಯದೆ ಏನಾಗುತ್ತದೆ? ಹೆಂಡತಿ ಕೈಚೀಲದಿಂದ ಸೂಜಿ ತೆಗೆದಳು. ಅದರಲ್ಲಿ ಇದ್ದದ್ದು ಗುಬ್ಬಿಯ ಶಾಲೆಯ ಲಂಗಗಳಿಗೆ ತಂದಿದ್ದ ಮೆರೂನು ದಾರ ಮಾತ್ರ. ಏರಿಯ ಕಲ್ಲಿನ ಮೇಲೆ ಕೂತು ದಪ್ಪ ದಪ್ಪ ಹೊಲಿಗೆ ಹಾಕತೊಡಗಿದಳು.

"ನೀಲಿ ಬಟ್ಟೆಗೆ ಮೆರೂನ್ ದಾರಾನಾ? ನನ್ ಮರ್ಯಾದೆ ತೆಗೀತೀಯಾ? ಬಿಚ್ಚು!" ಎಂದೆ.

"ನೇವಿಯೋರು ನಿಮ್ ದಾರ ನೋಡಕ್ ಬರಲ್ಲ, ಸುಮ್ನಿರ್ರೀ."

"ಮನೆಗ್ ಹೋದ ತಕ್ಷಣ ಬಿಚ್ಚಿ ನೀಲಿ ಹಾಕ್ತೀನಿ."

"ಹಾಕೋರಂತೆ, ಹಾಕೋರಂತೆ," ಎಂದು ದಾರವನ್ನು ಹಲ್ಲಿನಿಂದ ಕಡಿದಳು.

ಬಿಚ್ಚಲು ಆಗಲಿಲ್ಲ. ಮಗಳು ಹೊರಡುವ ಗಡಿಬಿಡಿ. ಆ ದಿನ ಮಧ್ಯಾಹ್ನ ರೈಲಿಗೆ ಹೋಗುವ ಮುಂಚೆ ಅವಳು ಅಮ್ಮನಿಗೆ ಹೇಳಿಕೊಟ್ಟಳು: ಪಿ ಬಾವುಟವನ್ನು ಬಂದರಿನಲ್ಲಿ ಒಂಟಿಯಾಗಿ ಏರಿಸಿದರೆ ಎಲ್ಲರೂ ಹಡಗು ಹತ್ತಿ, ಹೊರಡುತ್ತಿದ್ದೇವೆ ಎಂದು ಅರ್ಥವಂತೆ. ಹೆಂಡತಿ ತಾರಸಿ ಹತ್ತಿ ಹೋಗಿ, ಬಟ್ಟೆ ಒಣಗಿಸುವ ತಂತಿಗೆ ಆ ಪಿ ಬಾವುಟ ಸಿಕ್ಕಿಸಿ ಬಂದಳು. ಮಗಳು ಬೀದಿಯಲ್ಲಿ ನಿಂತು ಅದನ್ನು ನೋಡಿದಳು, ನಕ್ಕಳು, ಏನೋ ಮರೆತೆ ಎಂದು ಒಳಗೆ ಓಡಿ ಬಂದು ಮತ್ತೆ ಆಟೋ ಹತ್ತಿದಳು.

ರೈಲು ಹತ್ತಿಸಿ ವಾಪಸು ಬಂದಾಗ ತಂತಿಯ ಮೇಲೆ ಬಾವುಟ ಇರಲಿಲ್ಲ. ನನಗೆ ತಲೆ ಕೆಟ್ಟಿತು. ಪಕ್ಕದ ತಾರಸಿಯವರ ಹತ್ತಿರ ಹೋಗಿ ನಿಮ್ಮ ಕಡೆ ಹಾರಿ ಬಂತಾ ಎಂದು ಕೇಳಿದೆ. ಇಲ್ಲ ಅಂದರು. ಹಾಗಾದರೆ ಎಲ್ಲಿ ಹೋಯಿತು, ರೆಕ್ಕೆ ಇತ್ತಾ ಅಂದೆ. ಮಾತಿಗೆ ಮಾತು ಬೆಳೆಯಿತು. ಅವರು ಎರಡು ವಾರ ನಮ್ಮ ಮನೆಯ ಮುಂದೆ ತಲೆ ತಿರುಗಿಸಿಕೊಂಡು ಓಡಾಡಿದರು.

ಪರೀಕ್ಷೆಯ ಫಲಿತಾಂಶ ತಿಳಿಯುವ ಭಾನುವಾರ ನಾನು ಅಂಗಡಿ ತೆಗೆದೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಹೆಂಡತಿಯೂ ಬಂದಳು. ಯಜಮಾನರಿಗೂ ಅವತ್ತು ವ್ಯಾಪಾರದ ಮೇಲೆ ಮನಸ್ಸಿಲ್ಲ. ಅರ್ಧ ಕೇಜಿ ತೊಗರಿಬೇಳೆ ಕೇಳಿದವರಿಗೆ ಕಡಲೆಬೇಳೆ ಕಟ್ಟಿಕೊಟ್ಟು ಬಂದು, "ಏನಾದ್ರೂ ಬಂತಾ?" ಎಂದು ಇಣುಕುತ್ತಿದ್ದರು. ಕುಣಿಗಲ್ಲಿನಿಂದ ಭಾಮೈದ ಫೋನಿನ ಮೇಲೆ ಫೋನು. "ನೀನು ಮಾಡ್ತಾ ಇದ್ರೆ ಅವಳ ಫೋನು ಹೆಂಗಲಾ ಬರುತ್ತೆ? ಇಡೋ!" ಎಂದು ಬೈದೆ. ಅವಳ ಫೋನು ಮಾತ್ರ ಬರಲಿಲ್ಲ. ಒಂದು ಅಂಗಿಯ ಕಾಲರನ್ನು ತಿರುಗಾಮುರುಗಾ ಹೊಲಿದು, ಬಿಚ್ಚಿ, ಮತ್ತೆ ತಿರುಗಾಮುರುಗಾ ಹೊಲಿದೆ.

ಆಗ ಹೆಂಡತಿಯ ಮೊಬೈಲು ಟಿಂಗ್ ಅಂದಿತು. ಮೆಸೇಜಲ್ಲ, ಒಂದು ಫೋಟೋ. ಕಿಟಕಿಯ ಸರಳಿಗೆ ಕಟ್ಟಿದ ಒಂದು ಬಟ್ಟೆ, ಸುರುಟಿ, ಜೋತು ಬಿದ್ದು, ಅರ್ಧ ಕಾಣುತ್ತದೆ ಅರ್ಧ ಕಾಣುವುದಿಲ್ಲ. ಕೆಳಗೆ ಎರಡೇ ಪದ: "ಓದಿ ಅಬ್ಬಾ."

"ಅಯ್ಯೋ ಇವಳ! ಪಾಸಾ ಫೇಲಾ ಹೇಳೇ ಅಂದ್ರೆ ನಮಗೇ ಪರೀಕ್ಷೆ ಇಡ್ತಾಳೆ!" ಎಂದು ಕೂಗಿದೆ. ಯಜಮಾನರು ಕನ್ನಡಕ ಏರಿಸಿಕೊಂಡು ನನ್ನ ಭುಜದ ಮೇಲಿಂದ ಬಗ್ಗಿದರು.

ನೀಲಿ ಇದೆ. ಒಳಗೆ ಒಂದು ಎಳೆ ಬಿಳಿ. ನಡುವಿನ ಭಾಗ ಪೂರ್ತಿ ಮಡಿಕೆಯೊಳಗೆ. ಪಿಯೋ, ಡಬ್ಲ್ಯೂಯೋ? ಅವಳು ಸೋತದ್ದು ಇದರಲ್ಲೇ ಅಲ್ಲವೇ? ನಾನು ಚಿತ್ರವನ್ನು ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿದೆ. ಅಗಲ ನೋಡು, ಬಣ್ಣ ಬಿಟ್ಬಿಡು, ಅಗಲ ನೋಡು ಎಂದು ನನಗೆ ನಾನೇ ಹೇಳಿಕೊಂಡೆ.

"ಅಗಲ ನೀಲಿ. ಪಿ! ಪಿ ಕಣೇ ಅದು!"

ಪಿ ಅಂದರೆ ಎಲ್ಲರೂ ಹಡಗು ಹತ್ತಿ. ಪಿ ಅಂದರೆ ಹೊರಡುತ್ತಿದ್ದೇವೆ. ಅವಳ ಬ್ಯಾಚಿನ ಜೊತೆ ಅವಳೂ! ನಾನು ಯಜಮಾನರನ್ನು ಅಪ್ಪಿಕೊಂಡೆ, ಅವರ ವಿಭೂತಿ ನನ್ನ ಗಡ್ಡಕ್ಕೆ ಮೆತ್ತಿತು. ಅವರು ಓಡಿ ಹೋಗಿ ಬೆಲ್ಲದ ಅಚ್ಚು ಒಡೆದು ತಂದು ನನ್ನ ಬಾಯಿಗೇ ತುರುಕಿದರು.

ಹೆಂಡತಿ ಮಾತ್ರ ಅಲುಗಲಿಲ್ಲ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಲೇ ಇದ್ದಳು.

"ಇಲ್ನೋಡ್ರಿ," ಎಂದಳು. ಬೆರಳು ಚಿತ್ರದ ಒಂದು ಮೂಲೆಯ ಮೇಲಿತ್ತು. ನೀಲಿ ಅಂಚಿನ ಉದ್ದಕ್ಕೆ ದಪ್ಪ ದಪ್ಪ ಹೊಲಿಗೆ. ಮೆರೂನು ದಾರ.

ತಂತಿಯಿಂದ ಹಾರಿ ಹೋದ ಬಾವುಟ! ಏನೋ ಮರೆತೆ ಎಂದು ಒಳಗೆ ಓಡಿದ್ದು ಇದಕ್ಕೆ. ಪರೀಕ್ಷೆಗೆ, ಹಾಸ್ಟೆಲಿಗೆ, ಅಷ್ಟು ದೂರಕ್ಕೆ ಇದನ್ನು ಜೊತೆಗಿಟ್ಟುಕೊಂಡಿದ್ದಾಳೆ. ನನ್ನ ಗಟ್ಟಿ ಬಾವುಟಗಳಷ್ಟೂ ಅವಳ ಹತ್ತಿರ ಇದ್ದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಕಿಟಕಿಗೆ ಕಟ್ಟಿದ್ದು ಇದನ್ನು.

ಆಗ ಫೋನು ಬಂತು. ನನ್ನ ಬಾಯಿ ತುಂಬ ಬೆಲ್ಲ. ಹೆಂಡತಿಯೇ ಎತ್ತಿಕೊಂಡಳು.

"ಓದಿದ್ರಾ ಅಮ್ಮೀ?"

"ಓದಿದ್ವಿ ಕಣೇ. ಹತ್ತು. ಹಡಗು ಹತ್ತು, ತಾಯಿ."

ಆ ಕಡೆ ಒಬ್ಬಳಲ್ಲ, ಹತ್ತಾರು ಹುಡುಗಿಯರು ಕೂಗಾಡುತ್ತಿದ್ದರು. ಮಗಳು ಜೋರಾಗಿ ಹೇಳಿದಳು, ಮುಂದಿನ ವಾರ ಹಡಗಿಗೆ ಹೋಗುತ್ತಾಳಂತೆ, ಸಾಮಾನು ಕಟ್ಟುತ್ತಿದ್ದಾಳಂತೆ, ಬಾವುಟವನ್ನೂ ತೆಗೆದುಕೊಂಡು ಹೋಗುತ್ತಾಳಂತೆ. ಅಬ್ಬಾ ನೋಡಿದರೆ ಬೈಯುತ್ತಾರೆ, ಅದಕ್ಕೇ ಇಸ್ತ್ರಿ ಮಾಡಿ, ಆ ದಾರ ಬಿಚ್ಚಿ ನೀಲಿ ದಾರ ಹಾಕಿಕೊಳ್ಳುತ್ತೇನೆ ಅಂದಳು.

ನಾನು ಹೆಂಡತಿಯ ಕೈಯಿಂದ ಫೋನು ಕಿತ್ತುಕೊಂಡು ಬಟವಾಡಿಗೆಲ್ಲ ಕೇಳಿಸುವ ಹಾಗೆ ರೇಗಿದೆ.

"ಇಸ್ತ್ರಿ ಗಿಸ್ತ್ರಿ ಮುಟ್ಟಿದ್ರೆ ನೋಡು! ಆ ಹೊಲಿಗೆ ಬಿಚ್ಬೇಡ!"